ದಾರಿ ತೋರಿಸಿದವನ ಪಾಲು

ಮಾರ್ಟಳ್ಳಿಯಂಥ ಊರಿನಲ್ಲಿ ಎರಡು ಎಕರೆ ಹೊಲ ಮಾರಬೇಕಾಗಿ ಬಂದವರು ನೇರವಾಗಿ ದಲ್ಲಾಳಿಯ ಬಳಿಗೆ ಹೋಗುವುದು ಕಡಿಮೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ದುಡ್ಡು ಬೇಕಾದಾಗ ಅವರು ಮೊದಲು ಹೋಗುವುದು ನಾಲ್ಕು ಜನರ ಪರಿಚಯವಿರುವವರ ಮನೆಗೆ. ಅವರು ನಿವೃತ್ತ ಮೇಷ್ಟರಿರಬಹುದು, ಅಂಗಡಿ ಇಟ್ಟವರಿರಬಹುದು, ತಾಲ್ಲೂಕು ಕಚೇರಿಗೆ ಓಡಾಡಿ ಅಭ್ಯಾಸವಿರುವ ದೂರದ ನೆಂಟರಿರಬಹುದು. ‘ಯಾರಾದ್ರೂ ಗೊತ್ತಿದ್ರೆ ಹೇಳಣ್ಣ’ ಎಂಬ ಮಾತಿಗೆ ‘ಇಂಥವನ ಹತ್ರ ಹೋಗು, ನಮ್ಮವನೇ, ನಂಬಬೌದು’ ಎಂಬ ಉತ್ತರ ಬರುತ್ತದೆ. ವ್ಯಾಪಾರ ಕುದುರುತ್ತದೆ, ನೋಂದಣಿ ಆಗುತ್ತದೆ, ದಲ್ಲಾಳಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ. ಆರು ತಿಂಗಳ ಮೇಲೆ ಒಂದು ದಿನ ಚಹಾದಂಗಡಿಯಲ್ಲಿ ಮಾತಿಗೆ ಮಾತು ಬಂದು, ಹೆಸರು ಹೇಳಿದ ಆ ಅಣ್ಣನಿಗೂ ದಲ್ಲಾಳಿಯಿಂದ ಒಂದು ಪಾಲು ಹೋಗಿತ್ತೆಂದು ತಿಳಿಯುತ್ತದೆ.

ಆ ಮೊತ್ತ ದೊಡ್ಡದಾಗಿರಲೇಬೇಕೆಂದಿಲ್ಲ. ಆದರೂ ಕೇಳಿದವರ ಮನಸ್ಸಿಗೆ ಒಂದು ಕಸಿವಿಸಿಯಾಗುತ್ತದೆ. ಮೋಸವಾಯಿತೆಂದು ಹೇಳುವಂತಿಲ್ಲ, ಆಗಲಿಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ. ಹೆಸರು ಹೇಳಿದ್ದಕ್ಕೆ ಹಣ ಪಡೆಯುವುದು ತಪ್ಪೇ? ತಪ್ಪಾದರೆ ಅದು ಯಾವ ಬಗೆಯ ತಪ್ಪು? ಈ ಪ್ರಶ್ನೆ ಹೊಸದಲ್ಲ. ಜಮೀನು ಕೈ ಬದಲಾಯಿಸಲು ತೊಡಗಿದ ಕಾಲದಿಂದಲೂ ಅದು ಬೇರೆ ಬೇರೆ ರೂಪದಲ್ಲಿ ಏಳುತ್ತಲೇ ಬಂದಿದೆ. ಅದಕ್ಕೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳೂ ಇವೆ.

ಗಡಿಯ ಊರು, ಕಾಗದದ ಭಾಷೆ

ಮಾರ್ಟಳ್ಳಿ ಇರುವುದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ. ಹನೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಈ ಭಾಗವೆಲ್ಲ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ಹುಟ್ಟಿತು. ಊರು ಇದ್ದಲ್ಲೇ ಇದ್ದರೂ ಅದರ ಜಮೀನಿನ ಕಾಗದಗಳು ಮಾತ್ರ ಆಡಳಿತದಿಂದ ಆಡಳಿತಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಪ್ರಯಾಣ ಮಾಡಿವೆ.

ಮಾರ್ಟಳ್ಳಿಯಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದು; ಅನೇಕ ಮನೆಗಳ ಮಾತು ತಮಿಳು. ಪಹಣಿ, ಮ್ಯುಟೇಷನ್, ಋಣಭಾರ ಪತ್ರಗಳೆಲ್ಲ ಕನ್ನಡದಲ್ಲಿವೆ. ಮಳೆಯಾಧಾರಿತ ರಾಗಿ, ಮುಸುಕಿನ ಜೋಳದ ಹೊಲಗಳ ಪಕ್ಕದಲ್ಲೇ ಕಾಡು ಆರಂಭವಾಗುವ ಸೀಮೆ ಇದು. ಯಾವ ಜಮೀನು ಪಟ್ಟಾ, ಯಾವುದು ದರಖಾಸ್ತಿನಲ್ಲಿ ಮಂಜೂರಾದದ್ದು, ಯಾವುದನ್ನು ಮಾರಬಾರದೆಂಬ ಷರತ್ತು ಇದೆ, ಅರಣ್ಯದ ಎಲ್ಲೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಇದನ್ನು ತಿಳಿಯದೆ ಕೊಂಡವರು ವರ್ಷಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ.

ಇಂಥ ಕಡೆ ಬಲ್ಲವರ ಮಾತಿಗೆ ಬೆಲೆ ಹೆಚ್ಚು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ನಂತರ, ಅಂದರೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಇದ್ದ ತಡೆ ಹೋದ ನಂತರ, ಊರಿನವರಲ್ಲದವರಿಗೂ ಇಂಥ ಕಡೆ ಹೊಲ ಕೊಳ್ಳುವ ದಾರಿ ತೆರೆದಿದೆ. ಹೊರಗಿನವರಿಗೆ ಊರು ಗೊತ್ತಿಲ್ಲ, ಊರಿನವರಿಗೆ ಪೇಟೆಯ ಧಾರಣೆ ಗೊತ್ತಿಲ್ಲ. ಈ ಎರಡು ಅಜ್ಞಾನಗಳ ನಡುವೆ ನಿಲ್ಲುವವನೇ ದಲ್ಲಾಳಿ. ಅವನ ಹಿಂದೆ ನಿಲ್ಲುವವನು, ಅವನ ಹೆಸರು ಹೇಳಿದವನು.

ಪದಗಳು ಹೇಳುವ ಕಥೆ

‘ದಲ್ಲಾಳಿ’ ಎಂಬುದು ಅರಬ್ಬಿಯ ‘ದಲ್ಲಾಲ್’ ಎಂಬುದರಿಂದ ಬಂದ ಪದ. ಅದರ ಮೂಲಧಾತುವಿಗೆ ತೋರಿಸು, ದಾರಿ ಹೇಳು ಎಂಬ ಅರ್ಥವಿದೆ. ಪುರಾವೆ, ವಾದ ಎಂಬರ್ಥದ ‘ದಲೀಲ್’ ಸಹ ಅದೇ ಧಾತುವಿನಿಂದ ಹುಟ್ಟಿದ್ದು. ಎಂದರೆ ದಲ್ಲಾಳಿಯೆಂಬುವನು ಮೂಲತಃ ದಾರಿ ತೋರಿಸುವವನು. ಆ ಹೆಸರಿನಲ್ಲಿ ಹೀನಾಯವೇನೂ ಇಲ್ಲ. ಮಾರ್ಟಳ್ಳಿಯ ಮನೆಗಳಲ್ಲಿ ಕೇಳುವ ತಮಿಳಿನ ‘ತರಗು’ ಎಂದರೆ ದಲ್ಲಾಳಿತನದ ಹಣ. ‘ತರಗರ್’ ಎಂದರೆ ಅದನ್ನು ಪಡೆಯುವವರು.

ಗುಟ್ಟಾಗಿ ಕೈಬದಲಾಗುವ ಹಣಕ್ಕೆ ನಮ್ಮಲ್ಲಿರುವ ಪದಗಳು ಇನ್ನೂ ಕುತೂಹಲಕರ. ‘ಮಾಮೂಲು’ ಎಂಬುದು ಅರಬ್ಬಿ ಮೂಲದ ಪದ; ರೂಢಿಯಲ್ಲಿರುವುದು ಎಂದು ಅದರ ಅರ್ಥ. ‘ದಸ್ತೂರಿ’ ಎಂಬುದು ಪಾರಸಿಯ ‘ದಸ್ತೂರ್’ ಎಂಬುದರಿಂದ ಬಂದದ್ದು. ಅದರ ಅರ್ಥವೂ ಪದ್ಧತಿ, ರೂಢಿ ಎಂದೇ. ಕಂಪನಿಯ ಕಾಲದಲ್ಲಿ ಯಜಮಾನನ ಪರವಾಗಿ ಸಾಮಾನು ಕೊಳ್ಳುವ ಸೇವಕ ಅಂಗಡಿಯವನಿಂದ ಪಡೆಯುತ್ತಿದ್ದ ಸಣ್ಣ ಪಾಲಿಗೆ ದಸ್ತೂರಿ ಎನ್ನುತ್ತಿದ್ದರು. ಯಜಮಾನನಿಗೆ ಅದು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುತ್ತಿತ್ತು. ಕೇಳಿದರೆ ‘ಇದು ನಡೆದುಕೊಂಡು ಬಂದದ್ದು’ ಎಂಬ ಒಂದೇ ಸಮರ್ಥನೆ. ಆ ಸಮರ್ಥನೆಯೇ ಕಡೆಗೆ ಆ ಹಣದ ಹೆಸರಾಯಿತು. ಇವತ್ತು ‘ಎಲ್ಲರೂ ತಗೋತಾರೆ’ ಎನ್ನುವವರು ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದಾರೆ, ಅಷ್ಟೆ.

ಆರು ಸಾಧನಗಳಿಂದ ಭೂಮಿ

ಹಿಂದಿನ ಕಾಲದಲ್ಲಿ ಭೂಮಿಯ ಮಾರಾಟ ನಾಲ್ಕು ಗೋಡೆಗಳ ನಡುವೆ ನಡೆಯುವ ವ್ಯವಹಾರವಾಗಿರಲಿಲ್ಲ, ಆಗಬಾರದು ಎಂಬುದೇ ಶಾಸ್ತ್ರಕಾರರ ಅಭಿಪ್ರಾಯ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ತೋಟಗಳ ಮಾರಾಟದ ವಿಧಿ ಬರುತ್ತದೆ. ನೆಂಟರು, ನೆರೆಯವರು, ಸಾಲ ಕೊಟ್ಟವರು, ಈ ಕ್ರಮದಲ್ಲಿ ಕೊಳ್ಳುವ ಹಕ್ಕು ಸಲ್ಲುತ್ತದೆ. ನೆರೆಹೊರೆಯ ಕುಟುಂಬಗಳ ಎದುರಿಗೆ ಎಲ್ಲೆಕಟ್ಟುಗಳನ್ನು ಹೇಳಿ, ಬೆಲೆಯನ್ನು ಮೂರು ಸಲ ಕೂಗಿ, ಯಾರೂ ತಡೆಯದಿದ್ದರೆ ಮಾತ್ರ ಮಾರಾಟ. ಅದೇ ಅಧಿಕರಣದಲ್ಲಿ ಇನ್ನೊಬ್ಬರ ಸರಕನ್ನು ಮಾರಿಕೊಡುವ ಮಧ್ಯವರ್ತಿಯ ಮಾತೂ ಇದೆ. ಅವನು ಬಂದ ಬೆಲೆಯನ್ನೂ ಅದರ ಮೇಲಿನ ಲಾಭವನ್ನೂ ಸರಕಿನ ಒಡೆಯನಿಗೆ ಒಪ್ಪಿಸಬೇಕು.

ಕನ್ನಡ ನಾಡಿನಲ್ಲೇ ಬರೆದ ಒಂದು ಗ್ರಂಥದಲ್ಲಿ ಈ ವಿಚಾರ ಇನ್ನೂ ಸ್ಪಷ್ಟವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ರಚಿಸಿದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಮುಂದೆ ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದ ಹಿಂದೂ ನ್ಯಾಯಕ್ಕೆ ಆಧಾರವಾಯಿತು. ಭೂಮಿ ಒಬ್ಬರಿಂದ ಒಬ್ಬರಿಗೆ ಹೋಗುವುದಕ್ಕೆ ಆರು ಸಾಧನಗಳನ್ನು ಹೇಳುವ ಹಳೆಯ ಶ್ಲೋಕವೊಂದನ್ನು ಅದು ಚರ್ಚಿಸುತ್ತದೆ. ಊರಿನವರ, ಜ್ಞಾತಿಗಳ, ನೆರೆಯವರ, ದಾಯಾದಿಗಳ ಸಮ್ಮತಿ ನಾಲ್ಕು. ಹೊನ್ನು ಮತ್ತು ನೀರು ಧಾರೆಯೆರೆಯುವುದು ಎರಡು.

ವಿಜ್ಞಾನೇಶ್ವರ ಕೊಡುವ ವಿವರಣೆ ಗಮನಾರ್ಹ. ಊರಿನವರ ಒಪ್ಪಿಗೆ ಏಕೆ ಬೇಕು? ಅವರು ಒಪ್ಪದಿದ್ದರೆ ವ್ಯವಹಾರ ಬೀಳುತ್ತದೆಂದಲ್ಲ, ವ್ಯವಹಾರ ಬಹಿರಂಗವಾಗಲಿ ಎಂದು. ನೆರೆಯವರ ಒಪ್ಪಿಗೆ ಏಕೆ? ಎಲ್ಲೆಯ ಜಗಳ ಬರದಿರಲಿ ಎಂದು. ಬಹಿರಂಗವಾಗಿರುವುದೇ ವ್ಯವಹಾರಕ್ಕೆ ರಕ್ಷಣೆ ಎಂಬ ತಿಳಿವಳಿಕೆ ಹನ್ನೊಂದು-ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೇ ಇತ್ತು. ಕನ್ನಡದ ದಾನಶಾಸನಗಳಲ್ಲಿ ಹಳ್ಳ, ಮರ, ನೆಟ್ಟ ಕಲ್ಲುಗಳನ್ನು ಹೆಸರಿಸಿ ನಾಲ್ಕು ದಿಕ್ಕಿನ ಎಲ್ಲೆ ಹೇಳಿ, ಸಾಕ್ಷಿಗಳನ್ನು ನಮೂದಿಸುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಬ್ರಿಟಿಷರ ಕಾಲದಲ್ಲಿ ರೈತವಾರಿ ಪದ್ಧತಿ ಬಂದು, ಹೊಲವು ಪಟ್ಟಾದಾರನ ಹೆಸರಿನ ಸೊತ್ತಾಯಿತು. ಊರಿನ ಒಪ್ಪಿಗೆಯ ಜಾಗವನ್ನು ನೋಂದಣಿ ಕಚೇರಿ ತೆಗೆದುಕೊಂಡಿತು. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿಯಾಗಲೇಬೇಕು. ಆ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಊರ ಮುಂದೆ ಕೂಗುವ ಬದಲು ಪುಸ್ತಕದಲ್ಲಿ ಬರೆಯುವುದು, ಅಷ್ಟೇ ವ್ಯತ್ಯಾಸ.

ಆದರೆ ಆ ಪುಸ್ತಕದಲ್ಲಿ ಒಂದು ಸಂಗತಿ ಬರುವುದಿಲ್ಲ. ಕ್ರಯಪತ್ರದಲ್ಲಿ ಮಾರಿದವರ ಹೆಸರಿದೆ, ಕೊಂಡವರ ಹೆಸರಿದೆ, ಬೆಲೆಯಿದೆ, ಚಕ್ಕುಬಂದಿಯಿದೆ, ಸಾಕ್ಷಿಗಳಿದ್ದಾರೆ, ಕಡೆಗೆ ಪತ್ರ ಬರೆದವರ ಸಹಿಯೂ ಇದೆ. ದಲ್ಲಾಳಿಯ ಹೆಸರು ಹೇಳುವ ವಾಡಿಕೆ ಮಾತ್ರ ಇಲ್ಲ. ದಲ್ಲಾಳಿಯನ್ನು ತೋರಿಸಿದವನ ಮಾತಂತೂ ದೂರ. ವ್ಯವಹಾರವನ್ನು ನಿಜವಾಗಿ ಕೂಡಿಸಿದ ಇಬ್ಬರೂ ಕಾಗದದ ಹೊರಗೇ ಉಳಿಯುತ್ತಾರೆ.

ಟವೆಲ್ಲಿನ ಕೆಳಗಿನ ಬೆರಳು

ಗುಟ್ಟಿನ ವ್ಯಾಪಾರ ಎಂದೊಡನೆ ಹಳೇ ಮೈಸೂರು ಸೀಮೆಯವರಿಗೆ ದನದ ಜಾತ್ರೆಗಳು ನೆನಪಾಗುತ್ತವೆ. ಕೊಳ್ಳೇಗಾಲಕ್ಕೆ ದೂರವಲ್ಲದ, ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಂಥ ಜಾತ್ರೆಗಳಲ್ಲಿ ಎತ್ತಿನ ಜೋಡಿಯ ಬೆಲೆಯನ್ನು ಬಾಯಲ್ಲಿ ಹೇಳುವುದು ಕಡಿಮೆ. ದಲ್ಲಾಳಿ ಹೆಗಲ ಮೇಲಿನ ಟವೆಲ್ ಇಳಿಸಿ ಕೈಮೇಲೆ ಹಾಕಿಕೊಂಡು, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಸುತ್ತ ನಿಂತವರಿಗೆ ತಿಳಿಯದಂತೆ ಚೌಕಾಸಿ ನಡೆಯುತ್ತದೆ. ಇದರಲ್ಲಿ ಅನುಕೂಲವೂ ಇತ್ತು: ಕೊಳ್ಳುವವನ ಬಡತನ, ಮಾರುವವನ ತುರ್ತು ಊರ ಬಾಯಿಗೆ ಬೀಳುತ್ತಿರಲಿಲ್ಲ. ಅಪಾಯವೂ ಅಲ್ಲೇ ಇತ್ತು: ಮಾರುವವನ ಬೆರಳಿಗೂ ಕೊಳ್ಳುವವನ ಬೆರಳಿಗೂ ನಡುವೆ ಎಷ್ಟು ಉಳಿಯಿತೆಂಬುದು ದಲ್ಲಾಳಿಗೊಬ್ಬನಿಗೇ ಗೊತ್ತು.

ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರಿಗೂ ಈ ಪಾಠ ಗೊತ್ತು. ಗೂಡು ಕೆಲವೇ ದಿನಗಳಲ್ಲಿ ಮಾರಲೇಬೇಕಾದ ಸರಕು. ತಡಮಾಡಿದರೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ, ನೂಲು ಕೆಡುತ್ತದೆ. ಮನೆಬಾಗಿಲಿಗೆ ಬಂದ ಮಧ್ಯವರ್ತಿ ಹೇಳಿದ ಬೆಲೆಗೇ ರೈತ ಒಪ್ಪಬೇಕಾಗುತ್ತಿತ್ತು. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ನಿಯಂತ್ರಣಕ್ಕೆ 1959ರಲ್ಲಿ ಕಾಯ್ದೆ ಬಂದು, ಮುಂದೆ ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜಿನ ಪದ್ಧತಿ ನೆಲೆಗೊಂಡಿತು. ಧಾನ್ಯದ ಮಂಡಿಗಳಿಗೆ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಇದೇ ಕೆಲಸ ಮಾಡಿತು: ಕಮಿಷನ್ ಏಜೆಂಟನಿಗೆ ಪರವಾನಗಿ ಬೇಕು, ಅವನ ಕಮಿಷನ್ ಲೆಕ್ಕಚೀಟಿಯಲ್ಲಿ ಕಾಣಬೇಕು. ಈ ಕಾಯ್ದೆಗಳು ಮಧ್ಯವರ್ತಿಯನ್ನೆಲ್ಲ ಓಡಿಸಲಿಲ್ಲ. ಟವೆಲ್ಲನ್ನು ತೆಗೆಯಲು ಯತ್ನಿಸಿದವು. ಗೂಡಿಗೆ, ರಾಗಿಗೆ ಸಿಕ್ಕ ಈ ಬೆಳಕು ಅವು ಬೆಳೆಯುವ ಹೊಲದ ಮಾರಾಟಕ್ಕೆ ಮಾತ್ರ ಸಿಗಲಿಲ್ಲ.

1872ರ ಕಾಯ್ದೆಯ ಮನೆಗಳು

ಹಾಗೆಂದು ಕಾನೂನು ಮೌನವಾಗಿತ್ತೆಂದಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಏಜೆಂಟನ ಕರ್ತವ್ಯಗಳನ್ನು ವಿವರಿಸುವ ಭಾಗವಿದೆ. ಅಲ್ಲಿನ ಉದಾಹರಣೆಗಳಲ್ಲಿ ಕೆಲವು ಮನೆ-ಜಮೀನಿಗೆ ಸಂಬಂಧಿಸಿದವೇ. 215ನೇ ಕಲಮಿನ ಉದಾಹರಣೆಯಲ್ಲಿ ಒಬ್ಬ ತನ್ನ ಆಸ್ತಿ ಮಾರಲು ಏಜೆಂಟನಿಗೆ ಹೇಳುತ್ತಾನೆ. ಏಜೆಂಟ್ ಬೇರೆಯವನ ಹೆಸರಿನಲ್ಲಿ ತಾನೇ ಅದನ್ನು ಕೊಳ್ಳುತ್ತಾನೆ. ಮುಖ್ಯ ಸಂಗತಿಯನ್ನು ಮುಚ್ಚಿಟ್ಟನೆಂದೋ ಮಾರಾಟದಿಂದ ತನಗೆ ನಷ್ಟವಾಯಿತೆಂದೋ ತೋರಿಸಿದರೆ ಒಡೆಯ ಆ ಮಾರಾಟವನ್ನು ತಳ್ಳಿಹಾಕಬಹುದು. 216ನೇ ಕಲಮಿನ ಉದಾಹರಣೆಯಲ್ಲಿ ಮನೆಯೊಂದನ್ನು ಕೊಡಿಸು ಎಂದು ಹೇಳಿದವನಿಗೆ ಏಜೆಂಟ್ ‘ಅದು ಸಿಗುವುದಿಲ್ಲ’ ಎಂದು ಹೇಳಿ ತಾನೇ ಕೊಂಡುಬಿಡುತ್ತಾನೆ. ಗೊತ್ತಾದಾಗ, ಅವನು ಕೊಟ್ಟ ಬೆಲೆಗೇ ಮನೆಯನ್ನು ತನಗೆ ಮಾರುವಂತೆ ಒಡೆಯ ಒತ್ತಾಯಿಸಬಹುದು.

ಇದೇ ಕಾಯ್ದೆಯ 185ನೇ ಕಲಮು ಹಳ್ಳಿಯ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು. ಏಜೆಂಟನಾಗಲು ಸಂಬಳವಾಗಲಿ ಪ್ರತಿಫಲವಾಗಲಿ ಬೇಕಿಲ್ಲ. ‘ನನಗೇನೂ ಬೇಡ, ನಿನಗೋಸ್ಕರ ಮಾತಾಡಿಕೊಡ್ತೀನಿ’ ಎಂದು ಬೆಲೆ ಮಾತಾಡಲು ಹೋದ ನೆಂಟನೂ ಕಾನೂನಿನ ಕಣ್ಣಿನಲ್ಲಿ ಏಜೆಂಟನಾಗಬಹುದು. ಅವನ ಮೇಲೂ ಆ ಕರ್ತವ್ಯಗಳು ಬೀಳುತ್ತವೆ. ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಪ್ರತಿಫಲ ಕೇಳುವ ಹಕ್ಕಿಲ್ಲವೆಂದು 220ನೇ ಕಲಮು ಹೇಳುತ್ತದೆ.

ಇಂಗ್ಲೆಂಡಿನಲ್ಲಿ 1903ರಲ್ಲಿ ತೀರ್ಮಾನವಾದ ಆಂಡ್ರೂಸ್ ಮತ್ತು ರಾಮ್ಸೆ ನಡುವಿನ ಮೊಕದ್ದಮೆ ಈ ವಿಷಯದಲ್ಲಿ ಹೆಸರಾಗಿದೆ. ಆಸ್ತಿ ಮಾರಿಕೊಡಲು ಒಪ್ಪಿದ ಏಜೆಂಟರಿಗೆ 50 ಪೌಂಡ್ ಕಮಿಷನ್ ಗೊತ್ತಾಗಿತ್ತು. ಅವರು ಒಡೆಯನಿಗೆ ಹೇಳದೆ ಕೊಳ್ಳುವವನಿಂದಲೂ 20 ಪೌಂಡ್ ಪಡೆದಿದ್ದರು. ಆ 20 ಪೌಂಡ್ ಒಡೆಯನ ಪಾಲಾಯಿತು. ಅಷ್ಟಕ್ಕೇ ನಿಲ್ಲದೆ, ಕೊಟ್ಟಿದ್ದ 50 ಪೌಂಡನ್ನೂ ವಾಪಸು ಪಡೆಯಲು ಅವನು ಹಕ್ಕುದಾರನೆಂದು ನ್ಯಾಯಾಲಯ ಹೇಳಿತು. ಮಾರಾಟದಿಂದ ಅವನಿಗೆ ನಷ್ಟವಾಗಿತ್ತೇ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಕಮಿಷನ್ ಸಲ್ಲುವುದು ಪ್ರಾಮಾಣಿಕ ಏಜೆಂಟನಿಗೆ. ಎರಡು ಕಡೆ ಗುಟ್ಟಾಗಿ ಕೈಚಾಚಿದವನಿಗೆ ಅಲ್ಲ ಎಂಬುದು ತೀರ್ಪಿನ ಸಾರ. ಮೂರು ವರ್ಷದ ನಂತರ, 1906ರಲ್ಲಿ, ಅಲ್ಲಿನ ಪಾರ್ಲಿಮೆಂಟು ಏಜೆಂಟರು ಗುಟ್ಟಾಗಿ ಲಂಚ, ಕಮಿಷನ್ ಪಡೆಯುವುದನ್ನು ಅಪರಾಧವೆಂದೇ ಸಾರಿತು.

ವಕೀಲರ, ವೈದ್ಯರ ನಿಯಮ

ಹೆಸರು ಹೇಳಿ ಹಣ ಪಡೆಯುವುದನ್ನು ಕೆಲವು ವೃತ್ತಿಗಳು ಪೂರ್ತಿಯಾಗಿ ನಿಷೇಧಿಸಿವೆ. 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯ್ದೆಯಲ್ಲಿ ‘ಟೌಟ್’ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯೆಯ ತಿರುಳು ಇಷ್ಟು: ವಕೀಲನಿಂದ ಪ್ರತಿಫಲ ಪಡೆದು ಅವನಿಗೆ ಕಕ್ಷಿದಾರರನ್ನು ಕರೆತರುವವನು. ಅಂಥವರ ಪಟ್ಟಿ ಮಾಡಿ ನ್ಯಾಯಾಲಯದಲ್ಲಿ ಪ್ರಕಟಿಸುವುದಕ್ಕೂ ಆ ಕಾಯ್ದೆಯಲ್ಲಿ ಅವಕಾಶವಿತ್ತು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳು, ರೋಗಿಯನ್ನು ಬೇರೆಯವರ ಬಳಿಗೆ ಕಳುಹಿಸಿದ್ದಕ್ಕೆ ವೈದ್ಯರು ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದವು.

ಈ ನಿಷೇಧದ ಕಾರಣ ಸರಳ. ವಕೀಲನ ಬಳಿಗೂ ವೈದ್ಯನ ಬಳಿಗೂ ಹೋಗುವವನು ಕಷ್ಟದಲ್ಲಿರುತ್ತಾನೆ, ತನಗೆ ಸಿಕ್ಕ ಸಲಹೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವ ಶಕ್ತಿ ಅವನಿಗಿರುವುದಿಲ್ಲ. ಆ ಸಲಹೆಗೆ ಹಣ ಅಂಟಿಕೊಂಡರೆ, ಒಳ್ಳೆಯ ವೈದ್ಯನ ಹೆಸರಿನ ಬದಲು ಹೆಚ್ಚು ಕೊಡುವ ವೈದ್ಯನ ಹೆಸರು ಬಾಯಿಗೆ ಬರುತ್ತದೆ. ಜಮೀನಿನ ವಿಷಯದಲ್ಲಿ ನಿಯಮಗಳು ಇಷ್ಟು ಕಟ್ಟುನಿಟ್ಟಾಗಿ ಬೆಳೆಯಲಿಲ್ಲ. ಅಮೆರಿಕದಲ್ಲಿ 1974ರಲ್ಲಿ ಬಂದ ಕಾಯ್ದೆಯೊಂದು ಮನೆ ಕೊಳ್ಳುವಾಗ ಸಾಲ, ವಿಮೆ ಮೊದಲಾದ ಸೇವೆಗಳಿಗೆ ಗಿರಾಕಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ಅಪರಾಧ ಮಾಡಿತು. ಆದರೆ ದಲ್ಲಾಳಿ ದಲ್ಲಾಳಿಗಳು ತಮ್ಮತಮ್ಮಲ್ಲಿ ಕಮಿಷನ್ ಹಂಚಿಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿತು.

ಭಾರತದಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ‘ರೇರಾ’, ಒಂದು ಹೆಜ್ಜೆ ಮುಂದೆ ಹೋಯಿತು. ಅದರ ವ್ಯಾಖ್ಯೆಯ ಪ್ರಕಾರ ಏಜೆಂಟ್ ಎಂದರೆ ಚೌಕಾಸಿ ಮಾಡಿ ಕಮಿಷನ್ ಪಡೆಯುವವನು ಮಾತ್ರವಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಒಬ್ಬರಿಗೊಬ್ಬರನ್ನು ಪರಿಚಯಿಸುವವನೂ ಅದರಲ್ಲಿ ಸೇರುತ್ತಾನೆ. ಅಂಥವನು ನೋಂದಣಿ ಮಾಡಿಸಬೇಕು, ಲೆಕ್ಕಪುಸ್ತಕ ಇಡಬೇಕು. ಮಾಡದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ; ಅದು ನಿವೇಶನದ ಬೆಲೆಯ ಶೇ 5ರವರೆಗೂ ಬೆಳೆಯಬಹುದು.

ಆದರೆ ಏಜೆಂಟರ ನೋಂದಣಿಯ ಈ ಕಟ್ಟುಪಾಡು ಬೀಳುವುದು ರೇರಾದಲ್ಲಿ ದಾಖಲಾದ ಬಡಾವಣೆ, ಕಟ್ಟಡ ಯೋಜನೆಗಳ ನಿವೇಶನ, ಮನೆಗಳ ಮಾರಾಟಕ್ಕೆ. ರೈತನೊಬ್ಬ ತನ್ನ ಎರಡು ಎಕರೆ ರಾಗಿ ಹೊಲವನ್ನು ಇನ್ನೊಬ್ಬನಿಗೆ ಮಾರುವಾಗ ಅದು ಅವನ ನೆರವಿಗೆ ಬರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್ ಕೊಳ್ಳುವವನಿಗೆ 2016ರ ಕಾಯ್ದೆಯ ಆಸರೆ; ಮಾರ್ಟಳ್ಳಿಯ ಹೊಲ ಮಾರುವವನಿಗೆ ಇನ್ನೂ 1872ರದ್ದೇ ಗತಿ. ಬರೀ ಹೆಸರು ಹೇಳಿ ಸುಮ್ಮನಾದವನು ಆ ಕಾಯ್ದೆಯ ಏಜೆಂಟನೂ ಆಗುವುದು ಕಷ್ಟ. ಅವನ ಮಟ್ಟಿಗೆ ಉಳಿಯುವುದು ನೀತಿಯ ಪ್ರಶ್ನೆಯೊಂದೇ.

ಕೂಲಿಯೂ ಗುಟ್ಟೂ

ಹೆಸರು ಹೇಳಿದವನ ಪರವಾಗಿಯೂ ಹೇಳಬೇಕಾದದ್ದಿದೆ. ಕೂಲಿ ಬಿಟ್ಟು ಒಂದು ದಿನ ಬಸ್ಸು ಹತ್ತಿ, ಪಹಣಿ ತೆಗೆಸಿ, ದಲ್ಲಾಳಿಯನ್ನು ಹುಡುಕಿ ಕರೆತಂದವನ ಶ್ರಮಕ್ಕೆ ಬೆಲೆಯಿಲ್ಲವೇ? ಅವನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲ. ಆ ತಿಳಿವಳಿಕೆಯನ್ನು ಅವನು ಹತ್ತಾರು ವರ್ಷದ ಓಡಾಟದಿಂದ ಗಳಿಸಿದ್ದಾನೆ. ಪಟ್ಟಣದಲ್ಲಿ ಸಲಹೆಗಾರರು ಶುಲ್ಕ ಪಡೆದರೆ ಅದು ವೃತ್ತಿ, ಹಳ್ಳಿಯವನು ಪಡೆದರೆ ಅದು ಆಸೆಬುರುಕತನ ಎನ್ನುವುದು ನ್ಯಾಯವಲ್ಲ. ಕಾಯಕಕ್ಕೆ ಗೌರವ ಕೊಟ್ಟ ನಾಡು ಇದು. ದುಡಿದದ್ದಕ್ಕೆ ಕೂಲಿ ಕೇಳುವುದು ಇಲ್ಲಿ ಎಂದೂ ತಪ್ಪಾಗಿರಲಿಲ್ಲ.

ಆದರೆ ಕೂಲಿಯನ್ನು ಕೊಡುವವನು ಯಾರು ಎಂಬುದು ಮುಖ್ಯ. ಒಂದು ಲೆಕ್ಕ ಇಟ್ಟುಕೊಳ್ಳೋಣ. ಹೊಲದ ಬೆಲೆ 20 ಲಕ್ಷ, ದಲ್ಲಾಳಿಗೆ ಮಾರುವವರಿಂದ ಶೇ 2, ಅಂದರೆ 40,000 ರೂಪಾಯಿ. ಅದರಲ್ಲಿ 10,000 ಹೆಸರು ಹೇಳಿದವನಿಗೆ ಹೋಗುತ್ತದೆ. ದಲ್ಲಾಳಿ ತನ್ನ ಜೇಬಿನಿಂದ ಕೊಟ್ಟಂತೆ ಕಂಡರೂ ಆ 10,000 ಬಂದದ್ದು ಹೊಲ ಮಾರಿದವನ ದುಡ್ಡಿನಿಂದಲೇ. ಆ ಪಾಲು ಇಲ್ಲದಿದ್ದರೆ ದಲ್ಲಾಳಿ 30,000ಕ್ಕೇ ಒಪ್ಪುತ್ತಿದ್ದನೋ ಏನೋ. ಅದನ್ನು ಕೇಳಿ ನೋಡುವ ಅವಕಾಶವೇ ಮಾರುವವನಿಗೆ ಸಿಗಲಿಲ್ಲ.

ಎರಡನೆಯ ನಷ್ಟ ಲೆಕ್ಕಕ್ಕೆ ಸಿಗುವಂಥದಲ್ಲ. ಇಬ್ಬರು ದಲ್ಲಾಳಿಗಳಿದ್ದಾರೆ: ಒಬ್ಬ ಕಾಗದ ಸರಿಯಾಗಿ ನೋಡುತ್ತಾನೆ, ಯಾರಿಗೂ ಪಾಲು ಕೊಡುವುದಿಲ್ಲ, ಇನ್ನೊಬ್ಬ ಕಾಗದ ನೋಡುವುದು ಅಷ್ಟಕ್ಕಷ್ಟೆ, ಪಾಲು ಧಾರಾಳವಾಗಿ ಕೊಡುತ್ತಾನೆ. ‘ನಂಬಬೌದು’ ಎಂಬ ಮಾತು ಯಾರ ಪಾಲಿಗೆ ಬರುತ್ತದೆ? ಹೆಸರು ಹೇಳುವವನು ಕೆಟ್ಟವನಾಗಿರಬೇಕಿಲ್ಲ. ತಾನು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೇನೆಂದು ಅವನು ನಂಬಿರಲೂಬಹುದು. ಕಾಡಂಚಿನ ಮಂಜೂರಾತಿ ಜಮೀನಿನ ತೊಡಕನ್ನು ನೋಡದ ದಲ್ಲಾಳಿಯ ಕೈಗೆ ಸಿಕ್ಕಿದವರ ನಷ್ಟ 10,000ದಲ್ಲಿ ಮುಗಿಯುವುದಿಲ್ಲ.

ಮೂರನೆಯದು, ಹೆಸರು ಹೇಳುವವರ ಸ್ಥಾನ. ಸರ್ಕಾರಿ ನೌಕರ ತನ್ನ ಕಚೇರಿಗೆ ಬಂದವನಿಗೆ ದಲ್ಲಾಳಿಯ ಹೆಸರು ಹೇಳಿ ಪಾಲು ಪಡೆದರೆ ಅದನ್ನು ಕಮಿಷನ್ ಎಂದು ಕರೆಯಲಾಗದು. 1988ರ ಭ್ರಷ್ಟಾಚಾರ ತಡೆ ಕಾಯ್ದೆ ಅಲ್ಲಿಗೆ ಬಂದು ನಿಲ್ಲುತ್ತದೆ. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿತ್ತು. ಅವರ ಬಾಯಿಂದ ಬಂದ ಒಂದು ಮಾತಿಗೆ ಇದ್ದ ತೂಕವೇ ‘ಮಾಮೂಲಿ’ಗೂ ಮೂಲವಾಗಿತ್ತು. ಗ್ರಾಮ ಕಚೇರಿಗಳ ರದ್ದಿಯಾತಿಗೆ 1961ರಲ್ಲಿ ಕಾಯ್ದೆ ಬಂದು ಆ ಹುದ್ದೆ ಹೋಯಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಆದರೂ ಓದಿ ಅರ್ಥ ಹೇಳುವವರ ಅವಲಂಬನೆ ತಪ್ಪಿಲ್ಲ. ಮನೆಮಾತು ತಮಿಳು, ಕಾಗದ ಕನ್ನಡ ಎನ್ನುವ ಕಡೆ ಅದು ಇನ್ನೂ ಹೆಚ್ಚು. ಅವಲಂಬನೆ ಹೆಚ್ಚಿದಷ್ಟೂ ಹೇಳುವವನ ಹೊಣೆಯೂ ಹೆಚ್ಚು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪ್ರಶ್ನೆ ಹಣದ್ದಲ್ಲ, ಗುಟ್ಟಿನದು ಎಂದು ತೋರುತ್ತದೆ. ‘ಅವನ ಹತ್ರ ಹೋಗು. ವ್ಯಾಪಾರ ಆದ್ರೆ ಅವನು ನನಗೆ ಹತ್ತು ಸಾವಿರ ಕೊಡ್ತಾನೆ, ಅದೂ ನಿನಗೆ ಗೊತ್ತಿರಲಿ’ ಎಂದು ಮೊದಲೇ ಹೇಳಿದರೆ ಕೇಳಿದವನು ಆ ಸಲಹೆಯನ್ನು ಅದರ ನಿಜವಾದ ತೂಕಕ್ಕೆ ತೂಗಿಕೊಳ್ಳುತ್ತಾನೆ. ಬೇಕಾದರೆ ಇನ್ನೊಬ್ಬರನ್ನು ವಿಚಾರಿಸುತ್ತಾನೆ, ಕಮಿಷನ್ ಕಡಿಮೆ ಮಾಡೆಂದು ದಲ್ಲಾಳಿಯನ್ನು ಕೇಳುತ್ತಾನೆ, ಇಲ್ಲವೇ ‘ನೀನು ಓಡಾಡಿದ್ದೀಯ, ತಗೋಣ್ಣ’ ಎಂದು ಒಪ್ಪುತ್ತಾನೆ. ಹಣ ಅಷ್ಟೇ, ಕೈ ಅದೇ. ಕಸಿವಿಸಿಗೆ ಕಾರಣ ಉಳಿಯುವುದಿಲ್ಲ. ಇನ್ನೂ ಸರಳವಾದ ದಾರಿಯೆಂದರೆ ಓಡಾಟದ ಕೂಲಿಯನ್ನು ಸಹಾಯ ಕೇಳಿ ಬಂದವನಿಂದಲೇ ನೇರವಾಗಿ ಕೇಳಿ ಪಡೆಯುವುದು. ಆಗ ಹೆಸರು ಹೇಳುವವನು ಯಾರ ಕಡೆಯವನು ಎಂಬುದರಲ್ಲಿ ಅನುಮಾನವೇ ಇರುವುದಿಲ್ಲ.

ಹೇಳಲು ನಾಚಿಕೆಯಾಗುವ ಪಾಲನ್ನು ಪಡೆಯದಿರುವುದೇ ಮೇಲೆಂದು ಹಿರಿಯರು ಹೇಳುತ್ತಾರೆ. ಹೊಲ ಮಾರುವವರ ಕೈಯಲ್ಲೂ ಒಂದು ಉಪಾಯವಿದೆ, ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಹೆಸರು ಹೇಳಿದವರನ್ನು, ದಲ್ಲಾಳಿಯನ್ನು, ಇಬ್ಬರು ನೆರೆಯವರನ್ನು ಒಂದೇ ಕಡೆ ಕೂರಿಸಿಕೊಂಡು, ಬೆಲೆ ಎಷ್ಟು, ಕಮಿಷನ್ ಎಷ್ಟು, ಅದರಲ್ಲಿ ಯಾರಿಗೆ ಎಷ್ಟು ಎಂದು ಮುಂಗಡ ಪಡೆಯುವ ಮೊದಲೇ ಬಾಯಿಬಿಟ್ಟು ಕೇಳುವುದು. ವಿಜ್ಞಾನೇಶ್ವರ ಊರಿನವರನ್ನು ಮುಂದೆ ಕೂರಿಸಬೇಕೆಂದದ್ದೂ ಇದೇ ಕಾರಣಕ್ಕೆ. ಮಾರ್ಟಳ್ಳಿಯಲ್ಲಿ ನೆರೆಯ ಹೊಲದವರು ಇನ್ನೂ ಕೂಗಳತೆಯಲ್ಲೇ ಇದ್ದಾರೆ.